ಪದ ಪರಿಚಯ: ಸಾರ್ವಭೌಮ

ಸಾರ್ವಭೌಮ ಎಂಬ ಪದದ ಹೊಟ್ಟೆಯಲ್ಲೇ ಭೂಮಿ ಇದೆ. ಸರ್ವಭೂಮಿಗೂ ಒಡೆಯನಾದವನು ಸಾರ್ವಭೌಮ. ಹಿಂದೆ ಇದು ಚಕ್ರವರ್ತಿಗಳ ಬಿರುದು. ಈಗ ಹೆಚ್ಚಾಗಿ ದೇಶಗಳಿಗೆ ಸಲ್ಲುವ ಮಾತು. ಯಾರ ಅಪ್ಪಣೆಗೂ ಕಾಯದೆ ತನ್ನ ಗಡಿಯೊಳಗೆ ತಾನೇ ತೀರ್ಮಾನಿಸುವ ದೇಶವನ್ನು ಸಾರ್ವಭೌಮ ದೇಶ ಎನ್ನುತ್ತೇವೆ. ಬೈಬಲ್ ಓದುವವರು ‘ದೇವರ ಸಾರ್ವಭೌಮತ್ವ’ ಎನ್ನುವಾಗ ಆ ಗಡಿಯನ್ನು ಅಳಿಸಿ, ಪದವನ್ನು ಅದರ ಮೊದಲ ಅರ್ಥಕ್ಕೇ ಮರಳಿಸುತ್ತಾರೆ. ಭೂಮಿಯೂ ಅದರಲ್ಲಿರುವುದೆಲ್ಲವೂ ಯೆಹೋವನದೇ ಎಂದು 24ನೆಯ ಕೀರ್ತನೆ ಶುರುವಾಗುವುದು ಹಾಗೆ.

ಹೀಬ್ರೂ ಭಾಷೆಯ ‘ಮಾಲಕ್’ ಎಂದರೆ ಆಳಿದನು, ರಾಜನಾದನು. 93, 97 ಮತ್ತು 99ನೆಯ ಕೀರ್ತನೆಗಳು ಯೆಹೋವನು ಆಳುತ್ತಾನೆ ಎಂಬ ಘೋಷಣೆಯಿಂದಲೇ ಆರಂಭವಾಗುತ್ತವೆ. ‘ಎರೆತ್ಸ್’ ಎಂಬ ಪದಕ್ಕೆ ಇಡೀ ಭೂಮಂಡಲ ಎಂದೂ, ಒಂದು ನಾಡು ಎಂದೂ, ಕಾಲ ಕೆಳಗಿನ ನೆಲ ಎಂದೂ ಅರ್ಥವಿದೆ. ದಾನಿಯೇಲನ ಗ್ರಂಥದ ಅರಾಮಿಕ್ ಭಾಗದಲ್ಲಿ ದೇವರ ಆಳ್ವಿಕೆಗೆ ಬರುವ ‘ಶೋಲ್ತಾನ್’ ಕನ್ನಡಿಗರಿಗೆ ದೂರದ ಪದವಲ್ಲ. ಸುಲ್ತಾನ ಎಂಬುದೂ ಅದೇ ಧಾತುವಿಗೆ ಸೇರಿದ್ದು.

ಈ ಒಡೆತನ ಸ್ತುತಿಗೀತೆಯಿಂದ ಲೆಕ್ಕಪತ್ರಕ್ಕೂ ಇಳಿಯುತ್ತದೆ. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಕಟ್ಟುನಿಟ್ಟಾಗಿ ಹೇಳುತ್ತಾನೆ: ಭೂಮಿಯನ್ನು ಶಾಶ್ವತವಾಗಿ ಮಾರಬಾರದು, ಅದು ನನ್ನದು, ನೀವು ನನ್ನ ಬಳಿ ತಂಗಿರುವ ಪರದೇಶಿಗಳು. ಬಡತನದಿಂದ ಹೊಲ ಮಾರಿದವನಿಗೆ 50ನೆಯ ವರ್ಷದಲ್ಲಿ, ಅಂದರೆ ಜೂಬಿಲಿ ವರ್ಷದಲ್ಲಿ, ಅದು ಮರಳಿ ಬರಬೇಕು. ಹಾಗಾಗಿ ಬೆಲೆ ಕಟ್ಟುತ್ತಿದ್ದುದು ನೆಲಕ್ಕಲ್ಲ, ಬೆಳೆಗಳಿಗೆ. ಜೂಬಿಲಿಗೆ 30 ವರ್ಷ ಬಾಕಿಯಿದ್ದರೆ ಕ್ರಯ ಹೆಚ್ಚು. ಮೂರೇ ವರ್ಷವಿದ್ದರೆ ಕಡಿಮೆ. ಒಡೆಯನೊಬ್ಬ ಮೇಲಿದ್ದಾನೆ, ಕೆಳಗಿರುವವರೆಲ್ಲ ಒಕ್ಕಲುಗಳು. ಇಡೀ ವಿಷಯದ ಕೀಲಿಕೈ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಹೊಲದ ವಿಷಯದಲ್ಲಿ ಹೇಳಿದ್ದನ್ನೇ ಪ್ರವಾದಿಗಳು ಸಿಂಹಾಸನದ ವಿಷಯದಲ್ಲೂ ಹೇಳಿದರು: ಅದೂ ಗೇಣಿಗೆ ಬಂದದ್ದು, ಅವಧಿ ಮುಗಿದಾಗ ಬಿಟ್ಟುಕೊಡಬೇಕಾದದ್ದು.

ದಾನಿಯೇಲನ 4ನೆಯ ಅಧ್ಯಾಯವನ್ನೇ ನೋಡಿ. ಬಾಬೆಲಿನ, ಅಂದರೆ ಬ್ಯಾಬಿಲೋನಿನ, ರಾಜ ನೆಬೂಕದ್ನೆಚ್ಚರ ಅರಮನೆಯ ಮಾಳಿಗೆಯ ಮೇಲೆ ತಿರುಗಾಡುತ್ತಾ, ಇದು ನಾನು ನನ್ನ ಬಲದಿಂದ ಕಟ್ಟಿದ ಮಹಾ ಬಾಬೆಲ್ ಅಲ್ಲವೇ ಎನ್ನುತ್ತಾನೆ. ಆ ನಗರದ ಅವಶೇಷಗಳಲ್ಲಿ ಅವನ ಹೆಸರಿನ ಮುದ್ರೆ ಒತ್ತಿದ ಇಟ್ಟಿಗೆಗಳು ರಾಶಿ ರಾಶಿಯಾಗಿ ಸಿಕ್ಕಿವೆ; ಕಟ್ಟಿದವನು ಅವನೇ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಮಾತು ಬಾಯಲ್ಲಿರುವಾಗಲೇ ರಾಜ್ಯ ಕೈಬಿಡುತ್ತದೆ. ಅವನು ಎತ್ತಿನಂತೆ ಹುಲ್ಲು ಮೇಯುತ್ತಾನೆ, ಇಬ್ಬನಿಯಲ್ಲಿ ನೆನೆಯುತ್ತಾನೆ. ಕೂದಲು ಹದ್ದಿನ ಗರಿಯಂತೆ, ಉಗುರು ಹಕ್ಕಿಯ ಉಗುರಿನಂತೆ ಬೆಳೆಯುತ್ತವೆ. ಪರಾತ್ಪರನೇ ಮನುಷ್ಯರ ರಾಜ್ಯವನ್ನಾಳುತ್ತಾನೆ, ಅದನ್ನು ತನಗೆ ಬೇಕಾದವರಿಗೆ ಕೊಡುತ್ತಾನೆ ಎಂದು ಒಪ್ಪಿಕೊಂಡ ಮೇಲೆ ಅವನಿಗೆ ಸಿಂಹಾಸನ ಮತ್ತೆ ಸಿಗುತ್ತದೆ.

ಎಲ್ಲವೂ ದೇವರ ಕೈಯಲ್ಲಿದ್ದರೆ ದಬ್ಬಾಳಿಕೆ ಮಾಡಿದ ರಾಜನ ತಪ್ಪೇನು? ನ್ಯಾಯವಾದ ಪ್ರಶ್ನೆ. ಯೆಶಾಯನ 10ನೆಯ ಅಧ್ಯಾಯ ಅದನ್ನು ನೇರವಾಗಿ ಎದುರಿಸುತ್ತದೆ. ಅಶ್ಶೂರ, ಅಂದರೆ ಅಸ್ಸೀರಿಯಾ ಸಾಮ್ರಾಜ್ಯ, ದೇವರ ಕೋಪದ ಕೋಲು ನಿಜ, ಆದರೆ ಅದರ ಮನಸ್ಸಿನಲ್ಲಿದ್ದದ್ದು ಜನಾಂಗಗಳನ್ನು ನಿರ್ಮೂಲ ಮಾಡುವ ಆಸೆ. ಆ ಆಸೆಗೂ ಕೊಬ್ಬಿಗೂ ಅದು ಲೆಕ್ಕ ಒಪ್ಪಿಸಲೇಬೇಕು. ಕಡಿಯುವವನ ಮುಂದೆ ಕೊಡಲಿ ಜಂಬ ಕೊಚ್ಚಬಹುದೇ ಎಂದು ಪ್ರವಾದಿ ಕೇಳುತ್ತಾನೆ.

ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮ್ ಬಾಬೆಲಿನವರ ಕೈಗೆ ಬಿದ್ದು ದೇವಾಲಯ ಸುಟ್ಟುಹೋಯಿತು. ಅರಸನಿಲ್ಲದೆ, ನೆಲವಿಲ್ಲದೆ ಸೆರೆಯಲ್ಲಿದ್ದವರ ಕಿವಿಗೆ ಯೆಶಾಯನ ಗ್ರಂಥದ 40ನೆಯ ಅಧ್ಯಾಯ ಹೇಳುವುದೇನೆಂದರೆ, ಜನಾಂಗಗಳು ಬಕೆಟ್ಟಿನಿಂದ ಉದುರುವ ಹನಿ, ತಕ್ಕಡಿಯ ಮೇಲಿನ ಧೂಳು. ಸೋತವರಿಗೆ ಈ ಮಾತು ಎಷ್ಟು ದೊಡ್ಡ ಆಸರೆ! 45ನೆಯ ಅಧ್ಯಾಯ ಪಾರಸಿಯ (ಪರ್ಷಿಯಾದ) ರಾಜ ಕೋರೆಷನನ್ನು (ಸೈರಸ್) ಯೆಹೋವನ ಅಭಿಷಿಕ್ತ ಎಂದೇ ಕರೆಯುತ್ತದೆ, ನೀನು ನನ್ನನ್ನು ಅರಿಯದವನಾಗಿದ್ದರೂ ಎಂಬ ಮಾತಿನೊಂದಿಗೆ. ಕ್ರಿ.ಪೂ. 539ರಲ್ಲಿ ಕೋರೆಷ ಬಾಬೆಲನ್ನು ಗೆದ್ದ. 1879ರಲ್ಲಿ ಅಲ್ಲಿ ಸಿಕ್ಕಿದ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅವನ ಮಣ್ಣಿನ ಶಾಸನ ಆ ಗೆಲುವಿಗೆ ಬಾಬೆಲಿನವರ ದೇವರಾದ ಮರ್ದೂಕನನ್ನು ಕೊಂಡಾಡುತ್ತದೆ. ಅವನು ತನ್ನನ್ನು ಅರಿಯನು ಎಂಬ ಬೈಬಲಿನ ಮಾತಿಗೆ ಆ ಶಾಸನವೇ ಸಾಕ್ಷಿಯಾಗಿ ನಿಂತಂತಿದೆ.

ಹಾಗಾದರೆ ಇಸ್ರಾಯೇಲಿಗೆ ವಿಶೇಷ ರಿಯಾಯಿತಿ ಇತ್ತೇ? ಇದ್ದೀತು ಎಂದುಕೊಂಡವರನ್ನು ಪ್ರವಾದಿ ಆಮೋಸ ಬೆಚ್ಚಿಬೀಳಿಸುತ್ತಾನೆ. ಐಗುಪ್ತದಿಂದ (ಈಜಿಪ್ಟಿನಿಂದ) ನಿಮ್ಮನ್ನು ಕರೆತಂದಂತೆಯೇ ಫಿಲಿಷ್ಟಿಯರನ್ನು ಕಫ್ತೋರಿನಿಂದಲೂ ಅರಾಮ್ಯರನ್ನು ಕೀರಿನಿಂದಲೂ ಕರೆತಂದವನು ನಾನಲ್ಲವೇ ಎಂದು ದೇವರು ಅಲ್ಲಿ ಕೇಳುತ್ತಾನೆ. ಶತ್ರುಗಳ ವಲಸೆಯೂ ಅವನ ಕೈಕೆಲಸವೇ.

ಹೊಸ ಒಡಂಬಡಿಕೆಯಲ್ಲಿ ಈ ಮಾತು ಕೈಕಟ್ಟಿಸಿಕೊಂಡು ನಿಂತ ಕೈದಿಯೊಬ್ಬನ ಬಾಯಿಂದ ಬರುತ್ತದೆ. ನಿನ್ನನ್ನು ಬಿಡಿಸುವುದಕ್ಕೂ ಶಿಲುಬೆಗೇರಿಸುವುದಕ್ಕೂ ನನಗೆ ಅಧಿಕಾರವಿದೆ ಎಂದು ರೋಮ್ ನೇಮಿಸಿದ ಪ್ರಾಂತಾಧಿಪತಿ ಪಿಲಾತ ಹೇಳುತ್ತಾನೆ. ಮೇಲಿನಿಂದ ಕೊಡದೆ ಹೋಗಿದ್ದರೆ ನನ್ನ ಮೇಲೆ ನಿನಗೆ ಯಾವ ಅಧಿಕಾರವೂ ಇರುತ್ತಿರಲಿಲ್ಲ ಎಂದು ಯೇಸು ಉತ್ತರಿಸುತ್ತಾನೆ. ನನ್ನನ್ನು ನಿನಗೆ ಒಪ್ಪಿಸಿದವನ ಪಾಪ ಇನ್ನೂ ಹೆಚ್ಚಿನದು ಎಂದೂ ಅದೇ ಉಸಿರಿನಲ್ಲಿ ಸೇರಿಸುತ್ತಾನೆ.