ಮೂಗಿಗೆ ಸಿಹಿ, ನಾಲಿಗೆಗೆ ಹುಳಿ: ಹೊಕ್ಕೈಡೊದ ಬಿಳಿ ವೈನ್ ಹೀಗೇಕೆ?

ಪ್ರಶ್ನೆ: ಜಪಾನಿನ ಹೊಕ್ಕೈಡೊದ ಬಿಳಿ ವೈನ್ ಗುಲಾಬಿ, ಲಿಚಿಯಂತೆ ಘಮ್ಮೆನ್ನುತ್ತದೆ. ಕುಡಿದರೆ ಸಿಹಿಯೇ ಇಲ್ಲ. ಎಸೆನ್ಸ್ ಏನಾದರೂ ಬೆರೆಸುತ್ತಾರೆಯೇ?

ಉತ್ತರ: ಇಲ್ಲ, ಆ ಘಮ ದ್ರಾಕ್ಷಿಯದೇ. ಏಲಕ್ಕಿ ಬಿಡಿಸಿ ನಾಲ್ಕು ಕಾಳು ಅಗಿದು ನೋಡಿ. ಪಾಯಸದ ನೆನಪಾಗುತ್ತದೆ, ನಾಲಿಗೆಗೆ ಮಾತ್ರ ಸಿಹಿ ಸಿಗದು. ಗುಲ್ಕಂದು ತಿಂದು ಬೆಳೆದವರಿಗೆ ಗುಲಾಬಿಯ ವಾಸನೆ ಬಂದರೆ ಸಕ್ಕರೆಯೂ ಬರಬೇಕು ಅನ್ನಿಸುವುದು ಸಹಜ.

ಘಮ ಹೆಚ್ಚಾಗಿ ಇರುವುದು ಸಿಪ್ಪೆಯಲ್ಲಿ. ಗೆವುರ್ಜ್‌ಟ್ರಾಮಿನರ್ ಎಂಬ ನಸುಗೆಂಪು ದ್ರಾಕ್ಷಿಯಲ್ಲಿರುವ ರೋಸ್ ಆಕ್ಸೈಡ್ ಎಂಬ ಘಮದ ಅಂಶ ಗುಲಾಬಿಯಲ್ಲೂ ಲಿಚಿಯಲ್ಲೂ ಇದೆ. ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೂ ಮೂಗು ಅದನ್ನು ಹಿಡಿಯುತ್ತದೆ. ಸಕ್ಕರೆ ಇರುವುದು ರಸದಲ್ಲಿ, ಅದನ್ನು ಯೀಸ್ಟ್ ತಿನ್ನುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯನ್ನು ಅದು ತಿಂದರೆ ಶೇ 1ರಷ್ಟು ಆಲ್ಕೊಹಾಲ್. ಅಂದರೆ ಲೀಟರಿಗೆ 204 ಗ್ರಾಂ ಸಕ್ಕರೆಯಿದ್ದ ರಸ ಪೂರ್ತಿ ಹುದುಗಿದರೆ ಶೇ 12ರ ವೈನ್. ಸಕ್ಕರೆ ಹೋಯಿತು, ಘಮ ಉಳಿಯಿತು.

ಹಾಗಾದರೆ ಗೆವುರ್ಜ್‌ಟ್ರಾಮಿನರ್ ಒಂದೇ ಸಾಲದೆ? ಹಣ್ಣಾಗುತ್ತಾ ಹೋದಂತೆ ಅದರ ಹುಳಿ ಇಳಿಯುತ್ತದೆ. ಘಮ ಇನ್ನಷ್ಟು ಬರಲೆಂದು ಸಿಪ್ಪೆಯನ್ನು ರಸದಲ್ಲಿ ಹೆಚ್ಚು ಹೊತ್ತು ನೆನೆಸಿದರೆ ಕಹಿ, ಒಗರೂ ರಸಕ್ಕೆ ಸೇರುತ್ತವೆ. ಆಗ ಕೈಹಿಡಿಯುವುದು ಕೆರ್ನರ್, ಸಿಲ್ವಾನರ್‌ನಂಥ ಹುಳಿ ಉಳಿಸಿಕೊಳ್ಳುವ ತಳಿಗಳು. ಹೊಕ್ಕೈಡೊದ ಇವಾಮಿಜಾವಾ ಊರಿನ ನಕಜಾವಾ ತೋಟದ 'ಕುರಿಸಾವಾ ಬ್ಲಾಂ' ಇದಕ್ಕೆ ಒಳ್ಳೆಯ ಉದಾಹರಣೆ: ಗೆವುರ್ಜ್‌ಟ್ರಾಮಿನರ್, ಕೆರ್ನರ್, ಸಿಲ್ವಾನರ್, ಪಿನೊ ಗ್ರಿ ಎಲ್ಲವೂ ಒಂದೇ ವೈನ್‌ನಲ್ಲಿ. ತಳಿಗಳನ್ನು ಒಟ್ಟಿಗೇ ಕೊಯ್ದು ಒಟ್ಟಿಗೇ ಹುದುಗಿಸುವ ಪದ್ಧತಿಯೂ ಇದೆ. ಆಗ ಕೆಲವು ಗೊಂಚಲು ಚೆನ್ನಾಗಿ ಮಾಗಿರುತ್ತವೆ, ಕೆಲವು ಇನ್ನೂ ಹುಳಿ. ಬೇಕಾದ ಹದ ಸಿಗುವುದು ಆ ಏರುಪೇರಿನಿಂದಲೇ. ಬೇರೆ ಬೇರೆ ಮಾಡಿ ಕೊನೆಗೆ ಬೆರೆಸಿದ್ದಕ್ಕಿಂತ ನಮಗೆ ಇದೇ ಇಷ್ಟ.

ಘಮವೆಲ್ಲ ಒಂದೇ ಬಗೆಯದೂ ಅಲ್ಲ. ಹೊಕ್ಕೈಡೊದಲ್ಲಿ ನಯಾಗರಾ ದ್ರಾಕ್ಷಿಯ ವೈನ್ ಕೂಡ ಬಹಳ. ಅದರ ವಾಸನೆ ನಮಗೆ ಹೊಸದಲ್ಲ. ನಯಾಗರಾಕ್ಕೂ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಗೂ ಲ್ಯಾಬ್ರುಸ್ಕಾ ಎಂಬ ಅಮೆರಿಕದ ಕುಲದ ನಂಟಿದೆ. ಗುಲಾಬಿ ನಿರೀಕ್ಷಿಸಿ ದ್ರಾಕ್ಷಿ ಜ್ಯೂಸಿನ ವಾಸನೆ ಬಂದರೆ ಬಾಟಲಿ ಕೆಟ್ಟಿಲ್ಲ, ತಳಿ ಬೇರೆ.

ಕೊಳ್ಳುವಾಗ ಲೇಬಲ್ ನೋಡಿ. 'ಕರಕುಚಿ' ಎಂದಿದ್ದರೆ ಸಿಹಿಯಿಲ್ಲದ್ದು, 'ಅಮಕುಚಿ' ಎಂದರೆ ಸಿಹಿ. 'ನಿಹೋನ್ ವೈನ್' ಎಂದು ಬರೆಯಬೇಕಾದರೆ ದ್ರಾಕ್ಷಿ ಪೂರ್ತಿ ಜಪಾನಿನಲ್ಲೇ ಬೆಳೆದು ಅಲ್ಲೇ ವೈನ್ ಆಗಿರಬೇಕು. 2018ರ ಅಕ್ಟೋಬರ್ 30ರಿಂದ ಇದು ಜಾರಿಯಲ್ಲಿದೆ. ಒಂದೇ ತಳಿಯ ಹೆಸರಿದ್ದರೆ ಆ ತಳಿ ಕನಿಷ್ಠ ಶೇ 85.

ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿಯಬೇಡಿ. 4–5 ಡಿಗ್ರಿಯಲ್ಲಿ ಘಮ ಮುದುಡಿ, ಹುಳಿ ಮತ್ತು ಕಹಿ ಮುಂದೆ ಬರುತ್ತವೆ. 10–12 ಡಿಗ್ರಿ ಸರಿಯಾದ ಹದ. ಬೆಂಗಳೂರಿನ ಸಂಜೆಯಲ್ಲಿ 20 ನಿಮಿಷ ಹೊರಗಿಟ್ಟರೆ ಹೆಚ್ಚುಕಡಿಮೆ ಅಲ್ಲಿಗೆ ಬರುತ್ತದೆ. ಲೋಟದ ಮೂರನೇ ಒಂದು ಭಾಗ ಮಾತ್ರ ಸುರಿಯಿರಿ, ಘಮ ನಿಲ್ಲಲು ಜಾಗ ಬೇಕು. ಜೊತೆಗೆ ಏಡಿ, ಶುಂಠಿ ಹಾಕಿ ಬೇಯಿಸಿದ ಮೀನು ಚೆನ್ನ. ಗುಂಟೂರು ಮೆಣಸಿನ ಘಾಟಾದ ಸಾರು ಬೇಡ: ಖಾರದ ಉರಿಗೆ ಆಲ್ಕೊಹಾಲಿನ ಉರಿಯೂ ಸೇರುತ್ತದೆ, ಅದನ್ನು ತಣಿಸಲು ಈ ವೈನ್‌ನಲ್ಲಿ ಸಕ್ಕರೆಯಿಲ್ಲ. ತೆರೆದ ಬಾಟಲಿಗೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಮೊದಲು ಹೋಗುವುದು ಆ ಗುಲಾಬಿಯೇ.