ಚಂದ್ರನ ಕಲ್ಲಿನಲ್ಲಿ ಇರಿಡಿಯಂ: ಭಾಗಿಸಬೇಡಿ, ಇಳಿಜಾರು ನೋಡಿ

ಧಾರವಾಡ ಕ್ರೇಟಾನ್ (ನಮ್ಮ ಕಡೆಯ ಅತಿ ಹಳೆಯ ಭೂಭಾಗ) ಓದಿ ಮುಗಿಸಿ ಚಂದ್ರನ ಪಾಠಕ್ಕೆ ಬಂದಿರುವ ಶಿವಮೊಗ್ಗದ ಗೆಳೆಯರಿಗೆ ಈ ಟಿಪ್ಪಣಿ. ನಮ್ಮ ಸುತ್ತಮುತ್ತ 300 ಕೋಟಿ ವರ್ಷಕ್ಕೂ ಹಳೆಯ ನೈಸ್ (ಪಟ್ಟೆಪಟ್ಟೆಯ ರೂಪಾಂತರಿತ) ಕಲ್ಲು ಸಿಗುತ್ತದೆ. ಆದರೆ ಸುಮಾರು 390 ಕೋಟಿ ವರ್ಷದ ಹಿಂದೆ ಬಿದ್ದ ಉಲ್ಕೆಗಳ ದೊಡ್ಡ ಹೊಡೆತಗಳ ಗುರುತು ಬೇಕಾದರೆ ಚಂದ್ರನ ಕಡೆಗೇ ನೋಡಬೇಕು. ಅಲ್ಲಿ ಮಳೆಯೂ ಇಲ್ಲ, ಭೂಫಲಕಗಳ ಓಡಾಟವೂ ಇಲ್ಲ.

ಬಂದು ಗುದ್ದಿದ್ದು ಯಾವ ಜಾತಿಯ ಉಲ್ಕೆ ಅಂತ ಹೇಳುವುದು ಇರಿಡಿಯಂ, ರುಥೇನಿಯಂ, ಆಸ್ಮಿಯಂ, ಪಲೇಡಿಯಂ. ಇವು ಕಬ್ಬಿಣ ಹೋದಲ್ಲಿ ಹೋಗುವ ಧಾತುಗಳು. ಚಂದ್ರ ಕರಗಿದ್ದಾಗ ಕಬ್ಬಿಣದ ಜೊತೆ ತಿರುಳಿಗೆ ಇಳಿದುಬಿಟ್ಟವು. ತೊಗಟೆಯಲ್ಲಿ ಉಳಿದದ್ದು ತೀರಾ ಕಡಿಮೆ. ಕಾಂಡ್ರೈಟ್ ಅನ್ನುವ, ಎಂದೂ ಪೂರ್ತಿ ಕರಗದ ಕಲ್ಲಿನ ಉಲ್ಕೆಯಲ್ಲಾದರೆ ನೂರು ಕೋಟಿ ಭಾಗಕ್ಕೆ ಸುಮಾರು 500 ಭಾಗ ಇರಿಡಿಯಂ! ಹೊಡೆತಕ್ಕೆ ಕರಗಿದ ಕಲ್ಲಿಗೆ ಉಲ್ಕೆ ನೂರಕ್ಕೆ ಒಂದು ಪಾಲು ಬೆರೆತರೂ ಸಾಕು, 5 ಭಾಗ ಏರುತ್ತದೆ.

ಈಗ ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ. ಕಲ್ಲಿನ ರುಥೇನಿಯಂ ಅನ್ನು ಇರಿಡಿಯಂನಿಂದ ಭಾಗಿಸಿ, ಉಲ್ಕೆಯ ಅನುಪಾತಕ್ಕೆ ಹೋಲಿಸಿದರೆ ಆಯ್ತಲ್ವಾ? ಆಗುವುದಿಲ್ಲ. ಅದರೊಳಗೆ ಚಂದ್ರನ ಸ್ವಂತ ಪಾಲೂ ಸೇರಿದೆ. ಅಡಿಕೆ ಮಂಡಿಯಲ್ಲಿ ಮೂಟೆ ತೂಗಿದರೆ ಚೀಲದ ತೂಕವೂ ಬರುತ್ತದೆ. ಒಂದೇ ಥರದ ಚೀಲದ ಎರಡು ಮೂಟೆ ತೂಗಿ ಒಂದರಿಂದ ಇನ್ನೊಂದನ್ನು ಕಳೆಯಿರಿ. ಚೀಲದ ತೂಕ ಕಳೆದುಹೋಗಿ, ಉಳಿಯುವ ವ್ಯತ್ಯಾಸ ಬರೀ ಅಡಿಕೆಯದು.

ಕಲ್ಲಿನಲ್ಲೂ ಅಷ್ಟೇ. ಒಂದೇ ಕಲ್ಲಿನ ಎರಡು ಚೂರು ತಗೊಳ್ಳಿ. ಸುಮ್ನೆ ಲೆಕ್ಕಕ್ಕೆ, ಮೊದಲನೆಯದರಲ್ಲಿ ಇರಿಡಿಯಂ 2, ರುಥೇನಿಯಂ 5. ಎರಡನೆಯದರಲ್ಲಿ 6 ಮತ್ತು 11. ನೇರ ಭಾಗಿಸಿದರೆ ಒಂದು ಕಡೆ 2.5, ಇನ್ನೊಂದು ಕಡೆ 1.83. ಒಂದೇ ಉಲ್ಕೆಗೆ ಎರಡು ಉತ್ತರ. ರುಥೇನಿಯಂ ವ್ಯತ್ಯಾಸವನ್ನು ಇರಿಡಿಯಂ ವ್ಯತ್ಯಾಸದಿಂದ ಭಾಗಿಸಿ: 6 ಭಾಗಿಸು 4, ಅಂದರೆ 1.5. ಇರಿಡಿಯಂ ಅಡ್ಡಕ್ಕೆ, ರುಥೇನಿಯಂ ಮೇಲಕ್ಕೆ ಇಟ್ಟು ಗ್ರಾಫ್ ಬರೆದರೆ ಇದೇ ಗೆರೆಯ ಇಳಿಜಾರು. ಕಾಂಡ್ರೈಟ್‌ಗಳ ಅನುಪಾತವೂ ಹೆಚ್ಚುಕಡಿಮೆ ಇಷ್ಟೇ. ಗೆರೆಯನ್ನು ಇರಿಡಿಯಂ ಸೊನ್ನೆಯವರೆಗೆ ಎಳೆದರೆ ರುಥೇನಿಯಂ 2 ಬರುತ್ತದೆ. ಅದು ಚೀಲದ ತೂಕ. ಗೆರೆ ಎಳೆಯದೆ ಬರೀ ಅನುಪಾತದ ಪಟ್ಟಿ ಬಾಯಿಪಾಠ ಮಾಡುವುದರಲ್ಲಿ ಏನೂ ಪ್ರಯೋಜನವಿಲ್ಲ.

ಎರಡೇ ಬಿಂದು ಸಾಲದು, ಯಾವ ಎರಡು ಬಿಂದುವಿಗೂ ಗೆರೆ ಸಿಗುತ್ತದೆ. ಐದಾರು ಚೂರು ಒಂದೇ ಗೆರೆಗೆ ಕೂತರೆ ಮಾತ್ರ ನಂಬಬಹುದು. ಗೆರೆ ಚೆನ್ನಾಗಿ ಕೂತರೂ ಉತ್ತರ ಸುಲಭ ಅಂತಲ್ಲ. 1972ರಲ್ಲಿ ಅಪೊಲೊ 17 ತಂದ ಕರಗುಕಲ್ಲುಗಳ (ಹೊಡೆತಕ್ಕೆ ಕರಗಿ ಗಟ್ಟಿಯಾದ ಕಲ್ಲುಗಳ) ಇಳಿಜಾರು ಸಾಮಾನ್ಯ ಕಾಂಡ್ರೈಟ್‌ಗಿಂತ ಜಾಸ್ತಿ. ನಮ್ಮ ಸಂಗ್ರಹದಲ್ಲಿಲ್ಲದ ಜಾತಿಯ ಉಲ್ಕೆ ಇರಬೇಕು ಅಂತ ಕೆಲವರು ಹೇಳುತ್ತಾರೆ. ಕಾಂಡ್ರೈಟ್ ಜೊತೆ ಕಬ್ಬಿಣದ ಉಲ್ಕೆಯ ಪಾಲೂ ಬೆರೆತಿದೆ ಅನ್ನುವುದು ಇನ್ನು ಕೆಲವರ ವಾದ. ನನಗೆ ಎರಡನೆಯದೇ ಹೆಚ್ಚು ಸರಿ ಅನ್ನಿಸುತ್ತದೆ, ಏಕೆಂದರೆ ಅಲ್ಲಿನ ನೆಲ ಒಂದೇ ಹೊಡೆತ ತಿಂದದ್ದಲ್ಲ.