ಮರಳಿನಲ್ಲಿ ಕಳೆದ ಉಂಗುರ ಮತ್ತು ಪಿನ್‌ಪಾಯಿಂಟರ್‌ನ ಆಯ್ಕೆ

ಮಣ್ಣು, ಮರಳಿನಲ್ಲಿ ಹುದುಗಿದ ಲೋಹದ ಜಾಗವನ್ನು ನಿಖರವಾಗಿ ತೋರಿಸುವ ಪುಟ್ಟ ಸಾಧನವಾದ ಪಿನ್‌ಪಾಯಿಂಟರ್ ಕೊಳ್ಳಲು ಹೊರಟವರು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ, ಅದು ಎಷ್ಟು ಆಳದವರೆಗೆ ಲೋಹವನ್ನು ಗುರುತಿಸುತ್ತದೆ ಎಂಬುದು. ವಾಸ್ಕೊ, ಮಡಗಾಂವ್‌ಗಳಲ್ಲಿ ನೆಲೆಸಿದ ಕನ್ನಡಿಗರಾಗಲಿ, ಪುಣೆ, ಮುಂಬಯಿಗಳಲ್ಲಿ ಲೋಹ ಹುಡುಕುವ ಈ ಹವ್ಯಾಸಕ್ಕೆ ಹೊಸದಾಗಿ ಇಳಿದವರಾಗಲಿ, ನನ್ನೊಡನೆ ಮಾತಿಗೆ ತೊಡಗುವುದು ಇದೇ ಪ್ರಶ್ನೆಯಿಂದ. ಐದು ಸೆಂಟಿಮೀಟರ್ ಎಂದರೆ ಅವರ ಮುಖ ಬಾಡುತ್ತದೆ. ಆದರೆ ಈ ಪುಟ್ಟ ಉಪಕರಣದ ಉಪಯುಕ್ತತೆಯೆಲ್ಲ ಆ ಕಿರಿದಾದ ವ್ಯಾಪ್ತಿಯಲ್ಲೇ ಅಡಗಿದೆ, ಮತ್ತು ಅದರ ಹಿಂದಿರುವ ಭೌತಶಾಸ್ತ್ರ ತಿಳಿದರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆಯೇ.

ಸುಮಾರು 28 ಸೆಂ.ಮೀ. ವ್ಯಾಸದ ತಂತಿಯ ಸುರುಳಿಯಿರುವ ದೊಡ್ಡ ಲೋಹಶೋಧಕ (ಡಿಟೆಕ್ಟರ್) ಗೋವಾದ ಕಲಂಗುಟ್ ಕಡಲತೀರದ ಮರಳಿನ ಮೇಲೆ ಸದ್ದು ಮಾಡಿದಾಗ, ಈ ಸುತ್ತಿನಲ್ಲಿ ಎಲ್ಲೋ ಒಂದು ಲೋಹವಿದೆ ಎಂದಷ್ಟೇ ಅದು ತಿಳಿಸಿರುತ್ತದೆ. ಗುಂಡಿ ತೋಡಿದ ಮೇಲೆ ವಸ್ತು ಗುಂಡಿಯ ಗೋಡೆಯಲ್ಲಿದೆಯೇ, ತಳದಲ್ಲಿದೆಯೇ, ಹೊರಗೆ ಸುರಿದ ಮರಳಿನಲ್ಲಿದೆಯೇ ಎಂಬುದನ್ನು ಹೇಳಬೇಕಾದದ್ದು ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್. ಅದರ ತುದಿಯಲ್ಲಿ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿಯ ಸುತ್ತ ಸುತ್ತಿದ ಸಣ್ಣ ಸುರುಳಿಯೊಂದಿದೆ. ಇಂಥ ಸಣ್ಣ ಸುರುಳಿಯ ಕಾಂತಕ್ಷೇತ್ರ ದೂರದ ಘನಕ್ಕೆ ಅನುಗುಣವಾಗಿ ಕ್ಷೀಣಿಸುತ್ತದೆ. ಅದು ಲೋಹವನ್ನು ತಲುಪಿ, ಅಲ್ಲಿ ಸುಳಿಪ್ರವಾಹವನ್ನು (ಲೋಹದೊಳಗೇ ಸುತ್ತುವ ವಿದ್ಯುತ್ತನ್ನು) ಎಬ್ಬಿಸಿ, ಆ ಸುಳಿಪ್ರವಾಹದ ಕಾಂತಕ್ಷೇತ್ರ ಮರಳಿ ಸುರುಳಿಗೆ ಬರುವಾಗ ಇನ್ನೊಮ್ಮೆ ಅದೇ ಪ್ರಮಾಣದಲ್ಲಿ ಕ್ಷೀಣಿಸುತ್ತದೆ. ಹೀಗಾಗಿ ಸುರುಳಿಗೆ ಹೋಲಿಸಿದರೆ ದೂರ ಹೆಚ್ಚಿರುವಾಗ, ಸಂಕೇತವು ದೂರದ ಆರನೆಯ ಘಾತಕ್ಕೆ ಅನುಗುಣವಾಗಿ ಇಳಿಯುತ್ತದೆ. ನಾಲ್ಕು ಸೆಂ.ಮೀ. ದೂರದಲ್ಲಿದ್ದ ಉಂಗುರವನ್ನು ಎಂಟು ಸೆಂ.ಮೀ.ಗೆ ಸರಿಸಿದರೆ ಸಂಕೇತ ಅರ್ಧಕ್ಕೆ ಇಳಿಯುವುದಿಲ್ಲ, 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಈ ಕಡಿದಾದ ಇಳಿಜಾರೇ ಪಿನ್‌ಪಾಯಿಂಟರ್‌ನ ಕಣ್ಣು. ತುದಿಯನ್ನು ಒಂದು ಬೆರಳಿನಷ್ಟು ಆಚೀಚೆ ಸರಿಸಿದರೆ ಸದ್ದಿನಲ್ಲಿ ಎದ್ದು ಕಾಣುವ ವ್ಯತ್ಯಾಸ ಆಗುವುದರಿಂದಲೇ ವಸ್ತುವಿನ ಜಾಗ ನಿಖರವಾಗಿ ತಿಳಿಯುತ್ತದೆ. ವ್ಯಾಪ್ತಿಯನ್ನು ಹೆಚ್ಚಿಸಲು ಸೂಕ್ಷ್ಮತೆಯನ್ನು ಏರಿಸುತ್ತ ಹೋದರೆ ಗುಂಡಿಯ ಎಲ್ಲ ಕಡೆಯಿಂದಲೂ ಒಂದೇ ಬಗೆಯ ಗೊಣಗಾಟ ಕೇಳತೊಡಗುತ್ತದೆ. ಒಳ್ಳೆಯ ಉಪಕರಣಗಳಲ್ಲಿ ರೀಟ್ಯೂನ್ ಗುಂಡಿ ಇರುವುದು ಇದಕ್ಕಾಗಿಯೇ: ಸದ್ದು ಬರುತ್ತಿರುವ ಜಾಗದಲ್ಲಿ ಅದನ್ನು ಒತ್ತಿದರೆ ಆ ಮಟ್ಟವನ್ನೇ ಶೂನ್ಯವೆಂದು ಎಣಿಸಿಕೊಂಡು, ಅದಕ್ಕಿಂತ ಹತ್ತಿರ ಬಂದಾಗ ಮಾತ್ರ ಮತ್ತೆ ಧ್ವನಿಗೈಯುತ್ತದೆ, ಎರಡು ಮೂರು ಬಾರಿ ಹೀಗೆ ಮಾಡಿದರೆ ಉಂಗುರ ಬೆರಳಿಗೆ ತಗಲುತ್ತದೆ. ನನ್ನ ಅಭಿಪ್ರಾಯದಲ್ಲಿ, ಎರಡು ಸೆಂ.ಮೀ. ಹೆಚ್ಚಿನ ವ್ಯಾಪ್ತಿಗಿಂತ ಸ್ಪಂದನೆ ಚುರುಕಾಗಿರುವ ಒಂದು ರೀಟ್ಯೂನ್ ಗುಂಡಿ ಬಹಳ ಮೇಲು.

ಎಲ್ಲೋ ಇದೆ ಎನ್ನುವುದಕ್ಕೂ ಇಲ್ಲೇ ಇದೆ ಎನ್ನುವುದಕ್ಕೂ ಇರುವ ಅಂತರ ಈ ಉಪಕರಣದ ಇತಿಹಾಸದ ಆರಂಭದಲ್ಲೇ ಒಂದು ಜೀವದ ಪ್ರಶ್ನೆಯಾಗಿತ್ತು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರಿಗೆ ವಾಷಿಂಗ್ಟನ್‌ನ ರೈಲು ನಿಲ್ದಾಣದಲ್ಲಿ ಗುಂಡೇಟು ಬಿತ್ತು. ದೇಹದೊಳಗೆ ಗುಂಡು ಎಲ್ಲಿದೆ ಎಂಬುದು ವೈದ್ಯರಿಗೆ ತಿಳಿಯಲಿಲ್ಲ. ಎಕ್ಸ್-ರೇ ಕಂಡುಹಿಡಿಯಲು ಇನ್ನೂ 14 ವರ್ಷ ಕಾಯಬೇಕಿತ್ತು. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್, ಡೇವಿಡ್ ಹ್ಯೂಸ್ ರೂಪಿಸಿದ್ದ, ಸುರುಳಿಗಳ ಮೂಲಕ ಲೋಹವನ್ನು ಗುರುತಿಸುವ ಇಂಡಕ್ಷನ್ ಬ್ಯಾಲೆನ್ಸ್ ಎಂಬ ಉಪಕರಣಕ್ಕೆ ಟೆಲಿಫೋನಿನ ಕಿವಿಯನ್ನು ಜೋಡಿಸಿ ಗುಂಡನ್ನು ಹುಡುಕುವ ಸಾಧನವನ್ನು ಸಿದ್ಧಪಡಿಸಿದರು, ಮೈಯಲ್ಲಿ ಹಳೆಯ ಗುಂಡುಗಳನ್ನು ಉಳಿಸಿಕೊಂಡಿದ್ದ ಮಾಜಿ ಸೈನಿಕರ ಮೇಲೆ ಪರೀಕ್ಷಿಸಿದರು. ಸಾಧನ ಕೆಲಸ ಮಾಡುತ್ತಿತ್ತು. ಆದರೆ ಜುಲೈ 26 ಮತ್ತು ಆಗಸ್ಟ್ 1ರಂದು ಅಧ್ಯಕ್ಷರ ಮೇಲೆ ನಡೆಸಿದ ಎರಡು ಪ್ರಯತ್ನಗಳೂ ವಿಫಲವಾದವು. ಮುಖ್ಯ ವೈದ್ಯರು ಗುಂಡು ಬಲಬದಿಯಲ್ಲಿದೆ ಎಂದು ನಂಬಿ ಆ ಬದಿಯನ್ನೇ ಪರೀಕ್ಷಿಸಲು ಬಿಟ್ಟಿದ್ದರು. ಅದು ಬೆನ್ನುಮೂಳೆಯ ಎಡಕ್ಕೆ ಇತ್ತೆಂಬುದು ಮರಣೋತ್ತರ ಪರೀಕ್ಷೆಯಲ್ಲಿ ತಿಳಿಯಿತು. ಜೊತೆಗೆ, ಹಾಸಿಗೆಯ ಕೆಳಗೆ ಉಕ್ಕಿನ ತಂತಿಗಳ ಇನ್ನೊಂದು ಹಾಸು ಇದ್ದದ್ದು ಬೆಲ್ ಅವರ ಗಮನಕ್ಕೆ ತಡವಾಗಿ ಬಂತು. ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ತೀರಿಕೊಂಡರು.

ಉಪಕರಣವನ್ನು ಸೋಲಿಸುವುದು ಹುಡುಕುವ ವಸ್ತುವಿನ ದೂರಕ್ಕಿಂತ ಹೆಚ್ಚಾಗಿ ಅದರ ಸುತ್ತಲಿನ ಪರಿಸರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ನಮ್ಮ ಕರಾವಳಿಯಲ್ಲಿ ಆ ತಂತಿಯ ಹಾಸಿನ ಪಾತ್ರವನ್ನು ಉಪ್ಪುನೀರು ಮತ್ತು ಕಬ್ಬಿಣದ ಅಂಶವಿರುವ ಮಣ್ಣು ವಹಿಸುತ್ತವೆ. ಸಮುದ್ರದ ನೀರು ತಾಮ್ರಕ್ಕಿಂತ ಸುಮಾರು ಒಂದು ಕೋಟಿ ಪಟ್ಟು ಕಳಪೆ ವಿದ್ಯುದ್ವಾಹಕ, ನಿಜ. ಆದರೆ ಉಂಗುರ ಒಂದೆರಡು ಗ್ರಾಂ, ನೀರಾದರೋ ಉಪಕರಣದ ತುದಿಯನ್ನು ಎಲ್ಲ ಕಡೆಯಿಂದಲೂ ಮುತ್ತಿಕೊಂಡಿರುತ್ತದೆ. ನೆಲದ ಕತೆ ಇನ್ನೊಂದು. ಗೋವಾದ ಗುಡ್ಡಗಳ ಚಿರೆಕಲ್ಲು ಕಬ್ಬಿಣದ ಆಕ್ಸೈಡುಗಳಿಂದ ತುಂಬಿದೆ. ಪುಣೆಯ ನೆಲವಂತೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಾದ ಬಸಾಲ್ಟ್. ಅದರಲ್ಲಿ ಟೈಟಾನೊಮ್ಯಾಗ್ನೆಟೈಟ್ ಎಂಬ ಕಾಂತೀಯ ಖನಿಜದ ಕಣಗಳಿವೆ. ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮುಳಾ ಅಥವಾ ಮುಠಾ ನದಿಯ ಒಣ ಮರಳಿನಲ್ಲಿ ಎಳೆದು ನೋಡಿದರೆ, ಅದಕ್ಕೆ ಅಂಟಿಕೊಳ್ಳುವ ಕಪ್ಪು ಪುಡಿಯೇ ಆ ನೆಲದ ಸ್ವಭಾವವನ್ನು ಹೇಳುತ್ತದೆ.

ಇಲ್ಲಿಂದ ಆಯ್ಕೆಯ ಮುಖ್ಯ ಪ್ರಶ್ನೆಗೆ ಬರುತ್ತೇವೆ. ಪಿನ್‌ಪಾಯಿಂಟರ್‌ಗಳಲ್ಲಿ ಎರಡು ಜಾತಿಗಳಿವೆ. ಒಂದು ಜಾತಿಯದು ನಿರಂತರವಾಗಿ ಕಂಪಿಸುವ ವಿದ್ಯುತ್ತನ್ನು ಸುರುಳಿಯಲ್ಲಿ ಹರಿಸುತ್ತ, ಲೋಹ ಹತ್ತಿರ ಬಂದಾಗ ಆ ಕಂಪನದಲ್ಲಾಗುವ ಬದಲಾವಣೆಯನ್ನು ಅಳೆಯುತ್ತದೆ; ಬಹುಪಾಲು ಜನಪ್ರಿಯ ಮಾದರಿಗಳು ಈ ಬಗೆಯವು. ಇನ್ನೊಂದು, ಪಲ್ಸ್ ಇಂಡಕ್ಷನ್. ಇದು ಸುರುಳಿಯಲ್ಲಿ ವಿದ್ಯುತ್ತನ್ನು ಹರಿಸಿ ಥಟ್ಟನೆ ನಿಲ್ಲಿಸುತ್ತದೆ. ಆಗ ಕಾಂತಕ್ಷೇತ್ರ ಕುಸಿಯುವ ರಭಸಕ್ಕೆ ಸುತ್ತಲಿನ ಪ್ರತಿಯೊಂದು ವಾಹಕದಲ್ಲೂ, ಅದು ಉಂಗುರವಿರಲಿ ಉಪ್ಪುನೀರಿರಲಿ, ಸುಳಿಪ್ರವಾಹ ಏಳುತ್ತದೆ. ಉಪಕರಣ ಕೂಡಲೇ ಕಿವಿಗೊಡುವುದಿಲ್ಲ. ಕೆಲವು ಮೈಕ್ರೊಸೆಕೆಂಡುಗಳಷ್ಟು ತಡೆದು ಆಮೇಲೆ ಆಲಿಸುತ್ತದೆ. ಮಣ್ಣಿನ ಮಡಕೆಯನ್ನೂ ಕಂಚಿನ ಜಾಗಟೆಯನ್ನೂ ಒಂದೇ ಕ್ಷಣದಲ್ಲಿ ಬಡಿದರೆ ಮೊದಲ ಸದ್ದಿನಲ್ಲಿ ಎರಡೂ ಬೆರೆತಿರುತ್ತವೆ, ಆದರೆ ಒಂದು ಉಸಿರು ತಡೆದು ಕೇಳಿದರೆ ಮಡಕೆ ಎಂದೋ ಸುಮ್ಮನಾಗಿ ಜಾಗಟೆಯೊಂದೇ ಮೊಳಗುತ್ತಿರುತ್ತದೆ. ಉಪ್ಪುನೀರಿನಲ್ಲಿ ಎದ್ದ ಪ್ರವಾಹ ಅದರ ಹೆಚ್ಚಿನ ರೋಧದಿಂದಾಗಿ ಆ ಮಡಕೆಯ ಸದ್ದಿನಂತೆ ಬೇಗ ಸಾಯುತ್ತದೆ, ಲೋಹದ್ದು ಉಳಿದಿರುತ್ತದೆ. ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಲೋಹದ ವಾಹಕತೆ, ಗಾತ್ರ ಮತ್ತು ದಪ್ಪಗಳನ್ನು ಅವಲಂಬಿಸಿದೆ: ದಪ್ಪ ತಾಮ್ರದ ಬಿಲ್ಲೆಯಲ್ಲಿ ಹೆಚ್ಚು, ತೆಳುವಾದ ಬಂಗಾರದ ಮೂಗುತಿಯಲ್ಲಿ ಬಹಳ ಕಡಿಮೆ.

ಅಂದರೆ ಉಪ್ಪುನೀರನ್ನು ಕಡೆಗಣಿಸುವ ಅದೇ ತಾಳ್ಮೆ ಮೂಗುತಿಯನ್ನೂ ಕಡೆಗಣಿಸಬಲ್ಲದು. ನೀರಿನಲ್ಲಿ ನಿಂತು ಹುಡುಕುವವರಿಗೆ ನೋಕ್ಟಾ ಕಂಪನಿಯ ಪಲ್ಸ್‌ಡೈವ್‌ನಂಥ, 60 ಮೀಟರ್ ಆಳದ ನೀರನ್ನು ತಾಳಿಕೊಳ್ಳುವ ಪಲ್ಸ್ ಮಾದರಿ ಸರಿಹೊಂದುತ್ತದೆ. ಒಣ ಮರಳಿನಲ್ಲಿ, ಮನೆಯಂಗಳದಲ್ಲಿ, ಹೊಲದಲ್ಲಿ ಹುಡುಕುವವರಿಗೆ ಗ್ಯಾರೆಟ್ ಪ್ರೊ-ಪಾಯಿಂಟರ್ ಎಟಿಯಂಥ ನಿರಂತರ ಕಂಪನದ ಮಾದರಿ ಸಾಕು. ಅದೂ ಆರು ಮೀಟರ್‌ವರೆಗಿನ ನೀರನ್ನು ತಡೆಯುತ್ತದೆ, ಒದ್ದೆ ಮರಳಿನಲ್ಲಿ ಗೊಣಗಿದರೆ ತುದಿಯನ್ನು ಮರಳಿಗೆ ತಾಗಿಸಿ ರೀಟ್ಯೂನ್ ಮಾಡಿಕೊಳ್ಳಬಹುದು.

ನಮ್ಮವರು ಕಳೆದುಕೊಳ್ಳುವ ಒಡವೆಗಳ ಸ್ವರೂಪವನ್ನೂ ಗಮನಿಸಬೇಕು, ಏಕೆಂದರೆ ಪರದೇಶದ ವಿಮರ್ಶೆಗಳೆಲ್ಲ ಅಲ್ಲಿನ ನಾಣ್ಯಗಳನ್ನು ಇಟ್ಟುಕೊಂಡು ಪರೀಕ್ಷಿಸಿದವು. ಸುಳಿಪ್ರವಾಹಕ್ಕೆ ಸುತ್ತಿಬರಲು ಮುಚ್ಚಿದ ದಾರಿ ಬೇಕು. ಇಡಿಯಾದ ಉಂಗುರ ಅಂಥ ದಾರಿಯನ್ನು ಒದಗಿಸುತ್ತದೆ. ಅದೇ ಉಂಗುರ ಒಂದು ಕಡೆ ಸೀಳಿದ್ದರೆ ಬಂಗಾರದ ತೂಕ ಒಂದು ಗುಂಜಿಯೂ ಕಡಿಮೆಯಾಗದಿದ್ದರೂ ಸಂಕೇತ ಗಣನೀಯವಾಗಿ ಕುಗ್ಗುತ್ತದೆ. ಸರದ ಕೊಂಡಿಗಳು ಒಂದಕ್ಕೊಂದು ಸಡಿಲವಾಗಿ ತಾಗಿರುವುದರಿಂದ ಪ್ರವಾಹ ಸರದ ಉದ್ದಕ್ಕೂ ಹರಿಯದೆ ಪ್ರತಿ ಕೊಂಡಿಯ ಪುಟ್ಟ ಸುತ್ತಿನೊಳಗೇ ಉಳಿಯುತ್ತದೆ. ಕರಿಮಣಿ ಸರ ಕಳೆದಾಗ ಉಪಕರಣಕ್ಕೆ ನಿಜವಾಗಿ ಕೇಳಿಸುವುದು ಅದರ ತಾಳಿಯ ಬಟ್ಟಲುಗಳು. ಮಣಿಗಳ ನಡುವಿನ ಬಂಗಾರದ ಎಳೆ ಬಹುಮಟ್ಟಿಗೆ ಮೌನ. ಆದ್ದರಿಂದ ಮರಳಿನಲ್ಲಿ ಸರ ಹುಡುಕುವವರು ಸೂಕ್ಷ್ಮತೆಯ ಮಟ್ಟಗಳನ್ನು ಬದಲಿಸಬಹುದಾದ ಮಾದರಿಯನ್ನೇ ಆರಿಸಬೇಕು.

ಕಬ್ಬಿಣಕ್ಕೆ ಬೇರೆ ಧ್ವನಿ ಕೊಡುವ ಮಾದರಿಗಳೂ ಇವೆ. ಮೈನ್‌ಲ್ಯಾಬ್ ಪ್ರೊ-ಫೈಂಡ್ 35 ಅಂಥದ್ದು. ಪುಣೆಯ ಹೊಸ ಬಡಾವಣೆಗಳಲ್ಲಿ, ಕಟ್ಟಡದ ಮೊಳೆ ಮತ್ತು ತಂತಿಯ ಚೂರುಗಳು ತುಂಬಿದ ಮಣ್ಣಿನಲ್ಲಿ ಇದರಿಂದ ತುಂಬ ಸಮಯ ಉಳಿಯುತ್ತದೆ. ಆದರೆ ನಮ್ಮ ಒಂದು, ಎರಡು ರೂಪಾಯಿಯ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಉಕ್ಕಿನವು ಎಂಬುದನ್ನು ಮರೆಯಬಾರದು. ಕಬ್ಬಿಣದ ಗುಣವಿರುವ ಅವು ಮೊಳೆಯ ಗುಂಪಿಗೇ ಸೇರಿಹೋಗಬಹುದು. ಮೊಳೆಯ ಪಕ್ಕದಲ್ಲೇ ಬಿದ್ದ ಉಂಗುರವನ್ನು ಕಬ್ಬಿಣವೆಂದು ಬಿಟ್ಟುಬಿಡುವ ಅಪಾಯವೂ ಇದೆ.

ಅಂಗಡಿಗಳಲ್ಲಿ ಇನ್ನೊಂದು ಬಗೆಯ ಸಾಧನವನ್ನೂ ತೋರಿಸುತ್ತಾರೆ: ಹಿಡಿಕೆಯಿಂದ ಹೊರಟ ಒಂದೆರಡು ಆಂಟೆನಾ, ನೂರಾರು ಮೀಟರ್ ದೂರದ ಬಂಗಾರದ ಕಡೆಗೆ ತಾನಾಗಿ ತಿರುಗುತ್ತದೆ ಎಂಬ ಭರವಸೆ. ಇದರ ಬಗ್ಗೆ ನಾನು ಸೌಮ್ಯವಾಗಿ ಬರೆಯಲಾರೆ. ಆರನೆಯ ಘಾತದ ನಿಯಮವನ್ನೇ ಅನ್ವಯಿಸಿ: ಐದು ಸೆಂ.ಮೀ. ದೂರದ ಉಂಗುರವನ್ನು ಐದು ಮೀಟರ್ ದೂರಕ್ಕೆ ಒಯ್ದರೆ ಸಂಕೇತ ಲಕ್ಷ ಕೋಟಿಯಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ನೂರು ಮೀಟರಿನ ಮಾತು ಎತ್ತುವುದೇ ಬೇಡ. ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಇಂಥದೇ ಪೊಳ್ಳು ಸಾಧನವನ್ನು ಎಡಿಇ 651 ಎಂಬ ಹೆಸರಿನಲ್ಲಿ, ಬಾಂಬ್ ಪತ್ತೆ ಮಾಡುತ್ತದೆ ಎಂದು ಇರಾಕಿಗೆ ಮಾರಿ, 2013ರಲ್ಲಿ ಹತ್ತು ವರ್ಷಗಳ ಸೆರೆವಾಸದ ಶಿಕ್ಷೆಗೆ ಗುರಿಯಾದ. ಅದೇ 2013ರ ಆಗಸ್ಟ್ 20ರಂದು ಪುಣೆಯಲ್ಲಿ, ಮೂಢನಂಬಿಕೆಗಳ ವಿರುದ್ಧ ಹೋರಾಡುತ್ತಿದ್ದ ಡಾ. ನರೇಂದ್ರ ದಾಭೋಲ್ಕರ್ ಅವರ ಹತ್ಯೆಯಾಯಿತು. ಆ ಬಳಿಕ ಮಹಾರಾಷ್ಟ್ರದಲ್ಲಿ ಜಾರಿಗೆ ಬಂದ ವಾಮಾಚಾರ ತಡೆ ಕಾನೂನು, ನಿಧಿಯ ಹೆಸರಿನಲ್ಲಿ ನಡೆಯುವ ಅಮಾನುಷ ಆಚರಣೆಗಳನ್ನೂ ಅಪರಾಧವೆಂದು ಪರಿಗಣಿಸುತ್ತದೆ. ಅಂಜನ ಹಾಕಿ ನಿಧಿ ತೋರಿಸುತ್ತೇನೆ ಎನ್ನುವವನಿಗೂ ಈ ಆಂಟೆನಾ ಮಾರುವವನಿಗೂ ನಾನು ವ್ಯತ್ಯಾಸ ಕಾಣೆ.

ಕಾನೂನಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡಬೇಕು. ಮಣ್ಣಿನಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ 1878ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಹಳೆ ಗೋವಾದ ಚರ್ಚುಗಳು, ಪುಣೆಯ ಶನಿವಾರವಾಡಾ ಮೊದಲಾದ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ನೆಲ ಅಗೆಯುವಂತಿಲ್ಲ. ಅಲ್ಲಿಗೆ ಉಪಕರಣವನ್ನು ಒಯ್ಯದಿರುವುದೇ ಸರಿ.

ಉಳಿದ ಲಕ್ಷಣಗಳು ಸಣ್ಣವು, ಆದರೆ ದಿನನಿತ್ಯದ ಬಳಕೆಯಲ್ಲಿ ಮುಖ್ಯವಾದವು. ಅಲೆಗಳ ಅಬ್ಬರದಲ್ಲಿ ಬೀಪ್ ಕೇಳಿಸುವುದಿಲ್ಲವಾದ್ದರಿಂದ ಕಂಪನದ ಸೂಚನೆ ಇರಲೇಬೇಕು. ಮರಳಿನಲ್ಲಿ ಕಣ್ಣಿಗೆ ಬೀಳುವಂಥ ಕಿತ್ತಳೆ ಅಥವಾ ಕೆಂಪು ಬಣ್ಣ ಒಳ್ಳೆಯದು. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಯಾವ ಪೇಟೆಯಲ್ಲೂ ಸಿಗುತ್ತದೆ. ಚಾರ್ಜ್ ಮಾಡುವಂಥದ್ದಾದರೆ ಚಾರ್ಜಿಂಗ್ ಕಿಂಡಿಗೆ ಉಪ್ಪು ಸೇರದಂತೆ ಮುಚ್ಚಳವಿದೆಯೇ ಎಂದು ನೋಡಬೇಕು. ಧೂಳು, ನೀರನ್ನು ತಡೆಯುವ ಮಟ್ಟದ ಸೂಚಿ ಐಪಿ 67 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಎಂದರ್ಥ. ಐಪಿ 68 ಎಂದಿದ್ದರೆ ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕರ ಕೈಪಿಡಿಯಲ್ಲೇ ಓದಿಕೊಳ್ಳಬೇಕು. ಕಡಲಿನಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯುವುದು ಎರಡಕ್ಕೂ ಅಗತ್ಯ.

ಹಣ ಕೊಡುವ ಮುನ್ನ, ಸಾಧ್ಯವಾದರೆ, ಒಂದು ಬಕೆಟ್ ಕಡಲ ನೀರು, ನಿಮ್ಮ ಮನೆಯದೇ ಒಂದು ಉಂಗುರ, ತೆಳುವಾದ ಸರ, ಎರಡು ರೂಪಾಯಿಯ ನಾಣ್ಯ ಮತ್ತು ಒಂದು ಮೊಳೆ ಇಟ್ಟುಕೊಂಡು ಪರೀಕ್ಷಿಸಿ. ತುದಿಯನ್ನು ನೀರಿನಲ್ಲಿ ಅಲುಗಿಸದೆ ಹಿಡಿದಾಗ ಅದು ಸುಮ್ಮನಿರಬೇಕು. ಉಂಗುರದ ಬಳಿ ಅಲುಗಿಸದೆ ಹಿಡಿದಾಗ ಸದ್ದು ನಿಲ್ಲದೆ ಬರುತ್ತಲೇ ಇರಬೇಕು. ದೊಡ್ಡ ಡಿಟೆಕ್ಟರನ್ನೂ ಚಾಲೂ ಇಟ್ಟು ಪಕ್ಕದಲ್ಲಿ ನಿಲ್ಲಿಸಿ, ಎರಡೂ ಸಮೀಪದ ಕಂಪನಾಂಕಗಳಲ್ಲಿ ಕೆಲಸ ಮಾಡುತ್ತ ಪರಸ್ಪರ ಗದ್ದಲ ಎಬ್ಬಿಸುತ್ತವೆಯೇ ಎಂಬುದನ್ನು ಆ ಹೊತ್ತಿನಲ್ಲೇ ನೋಡಿಕೊಳ್ಳಿ.